ಹೊಳೆ ದಂಡೆ ಮನೆ ಚೆಂದ, ಆದ್ರೆ ಮೊದಲು ವಿಳಾಸ ಕೇಳಿ

(ಪಾಡ್‌ಕಾಸ್ಟ್ ಮಾತಿನ ಬರಹರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)



ಹೋದ ಸಂಚಿಕೆ ಆದ್ಮೇಲೆ ಪಿರಿಯಾಪಟ್ಟಣ ಕಡೆಯ ರೈತರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಮಗಳಿಗೆ ನೆದರ್ಲೆಂಡ್ಸ್‌ನ ಐಂಡ್ಹೋವನ್‌ನಲ್ಲಿ ಕೆಲಸ ಸಿಕ್ಕಿದೆ. ಇನ್ನೂ ಹೊರಟಿಲ್ಲ. ಆನ್‌ಲೈನ್‌ನಲ್ಲೇ ಒಂದು ಮನೆ ನೋಡಿದ್ದಾಳೆ. ಮುಂದೆ ಸಣ್ಣ ಹೊಳೆ, ದಂಡೆ ಮೇಲೆ ಸಾಲು ಮರ, ನೀರಲ್ಲಿ ಬಾತುಕೋಳಿ, ಗಲಾಟೆ ಇಲ್ಲದ ಬೀದಿ. ಬಾಡಿಗೆ 1,100 ಯೂರೋ. ಮನೆ ಮಾಲೀಕ, "ನಾನು ಸದ್ಯ ಬೇರೆ ದೇಶದಲ್ಲಿದ್ದೀನಿ, ಎರಡು ತಿಂಗಳ ಅಡ್ವಾನ್ಸು, ಒಂದು ತಿಂಗಳ ಬಾಡಿಗೆ ಹಾಕಿಬಿಡಿ, ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತೆ" ಅಂತಾನಂತೆ. ನಮ್ಮ ರೈತರು ಕೇಳೋದು ಇಷ್ಟೇ: "ಹೊಗೆಸೊಪ್ಪಿನ ದುಡ್ಡು ಬಂದಿದೆ, ಕಳಿಸಿಬಿಡ್ಲಾ?"

ಕಳಿಸಬೇಡಿ ಅಣ್ಣ. ಉತ್ತರ ಮೊದಲೇ ಹೇಳಿಬಿಟ್ಟೆ, ಕಾರಣ ಆಮೇಲೆ ನಿಧಾನವಾಗಿ ಮಾತಾಡೋಣ. ಮೂರು ತಿಂಗಳ ಲೆಕ್ಕ ಅಂದ್ರೆ ಹೆಚ್ಚುಕಡಿಮೆ ಮೂರು ಲಕ್ಷ ರೂಪಾಯಿ. ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತೆ ಅನ್ನೋದು ಅಲ್ಲಿ ತುಂಬಾ ಹಳೇ ಮೋಸ. ಫೋಟೋ ನಿಜವೇ ಇರುತ್ತೆ, ಮನೆಯೂ ನಿಜವೇ ಇರುತ್ತೆ. ಆದ್ರೆ ಆ ಮನೆ ಅವನದ್ದಲ್ಲ. ಯಾರೋ ಮಾರಾಟಕ್ಕೆ ಹಾಕಿದ ಮನೆಯ ಫೋಟೋ ಎತ್ತಿಕೊಂಡು ಬಾಡಿಗೆಗೆ ಇದೆ ಅಂತ ಹಾಕಿರ್ತಾರೆ. ದೂರದೇಶದಿಂದ ಬರೋರೇ ಇದಕ್ಕೆ ಸಿಗೋದು, ಯಾಕಂದ್ರೆ ಹೋಗಿ ಬಾಗಿಲು ತಟ್ಟೋಕೆ ಅವರಿಗೆ ಆಗಲ್ಲ.

ಓದಿರೋ ಹುಡುಗಿ, ಇದೆಲ್ಲ ಗೊತ್ತಾಗಲ್ವಾ ಅಂತ ನೀವು ಕೇಳಬಹುದು. ಗೊತ್ತಾಗುತ್ತೆ. ಆದ್ರೆ ಮನೆ ಸಿಗಲ್ಲ ಅನ್ನೋ ಭಯ ಇದೆಯಲ್ಲ, ಅದು ಎಂಥವರ ಬುದ್ಧಿಯನ್ನೂ ಕಟ್ಟಿಹಾಕುತ್ತೆ. ಆ ದೇಶದ ವಿಸ್ತೀರ್ಣ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಕಡಿಮೆ, ಜನ ಸುಮಾರು 1 ಕೋಟಿ 80 ಲಕ್ಷ. ಸುಮಾರು 4 ಲಕ್ಷ ಮನೆ ಕಮ್ಮಿ ಬಿದ್ದಿವೆ ಅನ್ನೋದು ಅಲ್ಲಿ ಚುನಾವಣೆಯ ವಿಷಯ. ಕಡಿಮೆ ಬಾಡಿಗೆಯ ಮನೆಗಳು ವಸತಿ ಸಂಘಗಳ ಕೈಲಿವೆ. ಅದಕ್ಕೆ ಹೆಸರು ಬರೆಸಿ, ಆಮ್‌ಸ್ಟರ್‌ಡ್ಯಾಮ್‌ನಂಥ ಕಡೆ ಹತ್ತು ವರ್ಷ ಕಾದವರೂ ಇದ್ದಾರೆ. ನಿನ್ನೆ ಮೊನ್ನೆ ಹೋದವರಿಗೆ ಉಳಿಯೋದು ಖಾಸಗಿ ಮನೆ. ಒಂದು ಜಾಹೀರಾತು ಬಿದ್ರೆ ಸಂಜೆಯೊಳಗೆ ಅರ್ಜಿಗಳ ರಾಶಿ. ಸಂಬಳ ಬಾಡಿಗೆಯ ಮೂರು ಪಟ್ಟೋ ನಾಲ್ಕು ಪಟ್ಟೋ ಇರಬೇಕು ಅಂತಾರೆ, ಕಂಪನಿ ಪತ್ರ ಕೇಳ್ತಾರೆ. ಅಂಥಾದ್ರಲ್ಲಿ ಒಬ್ಬ "ಕೊಟ್ಟೆ ತಗೊಳ್ಳಮ್ಮ" ಅಂದ್ರೆ ಯಾರಿಗೆ ಆಸೆ ಆಗಲ್ಲ?

ಆ ಆಸೆಗೆ ಕಡಿವಾಣ ಹಾಕೋ ಒಂದು ಪ್ರಶ್ನೆ ಇದೆ. ಇವತ್ತು ನಾನು ಹೇಳೋದ್ರಲ್ಲಿ ಬೇರೇನು ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ. ಮನೆ ಎಷ್ಟು ಚೆಂದ, ಕಿಟಕಿಯಿಂದ ಹೊಳೆ ಕಾಣುತ್ತಾ, ಅದೆಲ್ಲ ಆಮೇಲೆ. ಮೊದಲು ಕೇಳಬೇಕಾದ್ದು: "ಈ ವಿಳಾಸಕ್ಕೆ ನಗರಸಭೆಯಲ್ಲಿ ನನ್ನ ಹೆಸರು ಬರೆಸಬಹುದಾ?"

ಯಾಕೆ ಅಂದ್ರೆ, ನಾಲ್ಕು ತಿಂಗಳಿಗಿಂತ ಹೆಚ್ಚು ಇರೋಕೆ ಬಂದವರು ಇಳಿದ 5 ದಿನದೊಳಗೆ ನಗರಸಭೆಗೆ ಹೋಗಿ ತಾವು ಇರೋ ವಿಳಾಸ ಬರೆಸಬೇಕು. ಬರೆಸಿದ್ರೆ ಒಂದು ನಾಗರಿಕ ಸೇವಾ ಸಂಖ್ಯೆ ಕೊಡ್ತಾರೆ, ಬಿಎಸ್‌ಎನ್ ಅಂತ. ನಮ್ಮ ಆಧಾರ್ ಥರ ಅಂದುಕೊಳ್ಳಿ. ಸಂಬಳ, ಬ್ಯಾಂಕು, ಆರೋಗ್ಯ ವಿಮೆ, ಡಾಕ್ಟರು, ಎಲ್ಲ ಅದರ ಮೇಲೇ ನಿಂತಿರೋದು. ಕೆಲವು ಮನೆಯವರು "ಇರಿ, ಆದ್ರೆ ವಿಳಾಸ ಬರೆಸಬೇಡಿ" ಅಂತಾರೆ. ತೆರಿಗೆ ತಪ್ಪಿಸೋಕೋ, ಇಷ್ಟೇ ಜನ ಇರಬೇಕು ಅನ್ನೋ ನಿಯಮ ಮೀರಿರೋದಕ್ಕೋ, ತಾವೇ ಬಾಡಿಗೆಗೆ ಇದ್ದು ಒಳಬಾಡಿಗೆ ಕೊಡ್ತಾ ಇರೋದಕ್ಕೋ. ಅಂಥ ಮನೆ ಅರಮನೆಯಾಗಿದ್ರೂ ಬೇಡ.

ಇದು ಹುಣಸೂರಿನವರಿಗೆ ಬೇಗ ಅರ್ಥ ಆಗಬೇಕು. ನಮ್ಮ ಕಲ್ಲಹಳ್ಳಿಯ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಫಾರಂ ನಂಬರ್ 7 ತುಂಬಿ ನ್ಯಾಯಮಂಡಳಿ ಮುಂದೆ ನಿಂತರು. ಎಷ್ಟೋ ಮನೆ ಉದ್ಧಾರ ಆಯ್ತು. ಆದ್ರೆ ನಮ್ಮ ಹಿರಿಯರನ್ನ ಕೇಳಿ ನೋಡಿ. ಪಹಣಿಯಲ್ಲಿ ಹೆಸರಿದ್ದವನಿಗೆ ದಾರಿ ಸಲೀಸಾಯ್ತು. ಬಾಯಿಮಾತಿನ ಗೇಣಿ ಮೇಲೆ ಮೂವತ್ತು ವರ್ಷ ಉತ್ತವನು ಸಾಕ್ಷಿ ಹುಡುಕಿಕೊಂಡು ಅಲೆದ. ಕಾನೂನು ಇಬ್ಬರಿಗೂ ಒಂದೇ, ಕಾಗದದಲ್ಲಿ ಹೆಸರು ಮಾತ್ರ ಒಬ್ಬನದ್ದಿತ್ತು. ಹಾಲೆಂಡಿನ ಬಾಡಿಗೆದಾರನ ಕಥೆಯೂ ಇದೇ. ಹಕ್ಕು ಬೇಕಾದಷ್ಟಿವೆ. ಆ ವಿಳಾಸದಲ್ಲಿ ನಿನ್ನ ಹೆಸರಿದ್ದರೆ ಕೇಳೋದು ಸುಲಭ.

ಏನು ಹಕ್ಕು? ನಮ್ಮ ಕಡೆ ಲೆಕ್ಕಕ್ಕೆ ಹೋಲಿಸಿ ಹೇಳ್ತೀನಿ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸು ಕೊಟ್ಟವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಮೈಸೂರಲ್ಲಿ ಭೋಗ್ಯಕ್ಕೆ ಹಾಕಿಕೊಂಡು, ಬಿಡೋ ಹೊತ್ತಿಗೆ ದುಡ್ಡು ವಾಪಸ್ ಬರದೆ ಅಲೆದವರು ಎಷ್ಟಿಲ್ಲ? ಅಲ್ಲಿ 2023ರ ಜುಲೈ 1ರಿಂದ ಹೊಸ ಕರಾರಿಗೆ ಎರಡು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳೋ ಹಾಗಿಲ್ಲ. ಮನೆ ಬಿಟ್ಟ ಮೇಲೆ 14 ದಿನದಲ್ಲಿ ವಾಪಸ್ ಕೊಡಬೇಕು. ಏನಾದ್ರೂ ಮುರಿದು ಕತ್ತರಿಸೋದಿದ್ರೆ ಲೆಕ್ಕ ಬರೆದು 30 ದಿನದಲ್ಲಿ. ಮಾಲೀಕನ ಪರವಾಗಿ ಮನೆ ತೋರಿಸೋ ಏಜೆಂಟು ಬಾಡಿಗೆದಾರನ ಹತ್ರ ಕಮಿಷನ್ ಕೇಳೋ ಹಾಗಿಲ್ಲ. ಇನ್ನು ಕರಾರು. ನಮ್ಮದು ಹನ್ನೊಂದು ತಿಂಗಳದ್ದು, ವರ್ಷ ದಾಟಿದ್ರೆ ನೋಂದಣಿ ಮಾಡಿಸಬೇಕಾಗುತ್ತೆ ಅಂತ. ಅಲ್ಲಿ 2024ರ ಜುಲೈ 1ರಿಂದ ಕೆಲವು ವಿನಾಯಿತಿ ಬಿಟ್ಟರೆ ಹೊಸ ಕರಾರಿಗೆ ಕೊನೆ ದಿನಾಂಕವೇ ಇರಲ್ಲ. ಬಾಡಿಗೆದಾರ ಒಂದು ತಿಂಗಳು ಮೊದಲು ಹೇಳಿ ಹೋಗಬಹುದು. ಮಾಲೀಕನಿಗೆ "ನಾಳೆ ಖಾಲಿ ಮಾಡು" ಅನ್ನೋ ಹಕ್ಕಿಲ್ಲ.

ನನಗೆ ತುಂಬಾ ಇಷ್ಟವಾದ್ದು ಅಂಕದ ಪದ್ಧತಿ. ಮನೆಗೂ ಮಾರ್ಕ್ಸ್ ಕಾರ್ಡು! ಎಷ್ಟು ಚದರ ಮೀಟರ್, ಅಡುಗೆಮನೆ ಹೇಗಿದೆ, ಬಚ್ಚಲು ಹೇಗಿದೆ, ಚಳಿ ತಡೆಯುತ್ತಾ, ಹೊರಗೆ ತೋಟವೋ ಬಾಲ್ಕನಿಯೋ ಇದೆಯಾ, ಪ್ರತಿಯೊಂದಕ್ಕೂ ಅಂಕ. ನಗರಸಭೆ ವರ್ಷ ವರ್ಷ ಕಟ್ಟೋ ಮನೆ ಬೆಲೆಗೂ ಅಂಕ. ಹಾಗಾಗಿ ಹೊಳೆಯ ನೋಟ ಆ ಬೆಲೆಯೊಳಗೆ ನುಸುಳಿ ಬರುತ್ತೆ, ಆದ್ರೆ ಬೆಲೆಯಿಂದ ಬರೋ ಅಂಕಕ್ಕೂ ಒಂದು ಮಿತಿ ಇಟ್ಟಿದ್ದಾರೆ. ಒಟ್ಟು 186 ಅಂಕದವರೆಗಿನ ಮನೆಗೆ ಸರ್ಕಾರ ಹೇಳಿದಷ್ಟೇ ಬಾಡಿಗೆ. 2025ರಲ್ಲಿ ಆ ಮಿತಿಯ ತುದಿ ಸುಮಾರು 1,185 ಯೂರೋ ಇತ್ತು. 187 ಮುಟ್ಟಿದ್ರೆ ಮಾತುಕತೆಯ ಬಾಡಿಗೆ. 2025ರಿಂದ ಹೊಸ ಕರಾರಿನ ಜೊತೆ ಮಾಲೀಕ ಅಂಕಪಟ್ಟಿ ಲಗತ್ತಿಸಬೇಕು. ಬಾಡಿಗೆ ಜಾಸ್ತಿ ಅನ್ನಿಸಿದ್ರೆ ಮನೆ ಸೇರಿದ ಆರು ತಿಂಗಳೊಳಗೆ ಬಾಡಿಗೆ ಆಯೋಗಕ್ಕೆ ಹೋಗಬಹುದು. ಶುಲ್ಕ 25 ಯೂರೋ, ಗೆದ್ದರೆ ಅದೂ ವಾಪಸ್.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕಾನೂನು ಬಿಗಿಯಾದ ಮೇಲೆ ಎಷ್ಟೋ ಮಾಲೀಕರು ಬಾಡಿಗೆ ಮನೆಗಳನ್ನ ಮಾರಿಬಿಟ್ಟರು. ಒಳಗಿರೋನಿಗೆ ರಕ್ಷಣೆ ಸಿಕ್ತು, ಹೊರಗೆ ನಿಂತವನಿಗೆ ಬಾಗಿಲು ಇನ್ನೂ ಕಿರಿದಾಯ್ತು. ಹಾಗಾಗಿ ಅಲ್ಲಿ ಎಲ್ಲ ಸರಿ ಇದೆ, ನಮ್ಮಲ್ಲಿ ಎಲ್ಲ ತಪ್ಪು ಅಂತ ನಾನು ಹೇಳ್ತಾ ಇಲ್ಲ.

ಜಾತಿ ಕೇಳ್ತಾರಾ ಅಂತ ಒಬ್ಬರು ಹಿಂದೆ ಕೇಳಿದ್ದರು. ಹುಣಸೂರಲ್ಲಿ ಮನೆ ನೋಡೋಕೆ ಹೋದ್ರೆ "ನೀವು ಯಾವ ಜನ?" ಅನ್ನೋ ಪ್ರಶ್ನೆ ಬಾಡಿಗೆಗಿಂತ ಮೊದಲು ಬರುತ್ತೆ. ಮೈಸೂರಲ್ಲಿ ಬೋರ್ಡೇ ಇರುತ್ತೆ, ಸಸ್ಯಾಹಾರಿಗಳಿಗೆ ಮಾತ್ರ ಅಂತ. ಅಲ್ಲಿ ಹಾಗೆ ಬಾಯಿಬಿಟ್ಟು ಕೇಳಲ್ಲ. ಆದ್ರೆ ಪರದೇಶದ ಹೆಸರು ನೋಡಿ ಉತ್ತರವನ್ನೇ ಕೊಡದೆ ಇರೋದು ಅಲ್ಲೂ ಇದೆ. ಸುಳ್ಳು ಅರ್ಜಿ ಹಾಕಿ ಪರೀಕ್ಷೆ ಮಾಡಿ ಇದನ್ನ ಹಿಡಿದಿದ್ದಾರೆ. ಅದಕ್ಕೇ ಬಾಡಿಗೆದಾರರನ್ನ ಹೇಗೆ ಆರಿಸ್ತೀವಿ ಅನ್ನೋದನ್ನ ಮಾಲೀಕರು, ಏಜೆಂಟರು ಬರೆದಿಡಬೇಕು ಅಂತ 2023ರ ಕಾನೂನು ಹೇಳುತ್ತೆ.

ಸರಿ, ಮನೆ ಸಿಕ್ತು ಅಂತಿಟ್ಟುಕೊಳ್ಳಿ. ಒಳಗೆ ಕಾಲಿಟ್ಟರೆ ನೆಲ ಇರಲ್ಲ! ತಮಾಷೆ ಅಲ್ಲ. ಜಾಹೀರಾತಿನಲ್ಲಿ ಮೂರು ಥರ ಬರೆದಿರ್ತಾರೆ. 'ಕಾಲ್' ಅಂದ್ರೆ ಬೋಳು ಮನೆ. ಬರೀ ಸಿಮೆಂಟು ನೆಲ, ಪರದೆ ಇಲ್ಲ, ಎಷ್ಟೋ ಸಲ ಬಲ್ಬ್ ಇರೋ ಕಡೆ ಬರೀ ವೈರು ನೇತಾಡ್ತಿರುತ್ತೆ. ಹಳೇ ಬಾಡಿಗೆದಾರ ತನ್ನ ಮರದ ಹಾಸನ್ನ ಕಿತ್ತುಕೊಂಡು ಹೋಗಿರ್ತಾನೆ, ಇಲ್ಲ ಅಂದ್ರೆ ಅದನ್ನ ನಿಮಗೇ ಮಾರ್ತೀನಿ ಅಂತಾನೆ. 'ಖೆಸ್ಟೊಫೇರ್ಡ್' ಅಂದ್ರೆ ನೆಲಹಾಸು, ಪರದೆ ಇರೋದು. ಮೂರನೇದು, ಮಂಚ ಕುರ್ಚಿ ಸಮೇತ. ಬೋಳು ಮನೆಯ ಬಾಡಿಗೆ ಕಮ್ಮಿ ಅಂತ ಹೋಗಿ, ನೆಲ ಹಾಸೋಕೇ ಮೊದಲ ಎರಡು ತಿಂಗಳ ಸಂಬಳ ಸುರಿದವರಿದ್ದಾರೆ.

ಈಗ ಹೊಳೆ ವಿಷಯ. ಐಂಡ್ಹೋವನ್ ಊರೊಳಗೆ ಹರಿಯೋದು ಡೊಮ್ಮೆಲ್. ಬೆಲ್ಜಿಯಂನಲ್ಲಿ ಹುಟ್ಟಿ ಬರುತ್ತೆ. ಇರುಪ್ಪಿನಿಂದ ಇಳಿದು ಬರೋ ನಮ್ಮ ಲಕ್ಷ್ಮಣತೀರ್ಥದ ಮುಂದೆ ಅದು ತೀರಾ ಸಾಧು. ಆದ್ರೆ ಮಳೆಗಾಲದಲ್ಲಿ ಸಾಧು ಹೊಳೆಗಳೂ ಏನು ಮಾಡ್ತವೆ ಅಂತ ಹನಗೋಡಿನವರಿಗೆ ಹೇಳಿಕೊಡಬೇಕಾ? 2019ರ ಆಗಸ್ಟ್ ನೆನಪಿದೆಯಲ್ಲ. ಆ ದೇಶದಲ್ಲಿ ಕಾಲು ಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1953ರ ಫೆಬ್ರವರಿ 1ರ ನಸುಕಿನಲ್ಲಿ ಸಮುದ್ರ ಒಡೆದು ನುಗ್ಗಿ 1,836 ಜನ ಸತ್ತರು. 1995ರಲ್ಲಿ ಮಾಸ್, ವಾಲ್ ನದಿಗಳು ಉಕ್ಕಿದಾಗ ಸುಮಾರು ಎರಡೂವರೆ ಲಕ್ಷ ಜನರನ್ನ ಮನೆ ಬಿಡಿಸಿದರು. ಆಮೇಲೆ ಅವರು ಏರಿಯನ್ನ ಎತ್ತರ ಮಾಡ್ತಾ ಹೋಗೋದರ ಜೊತೆಗೆ, ನದಿಗೇ ಜಾಗ ಬಿಟ್ಟುಕೊಟ್ಟರು. ಏರಿಯನ್ನ ಹಿಂದಕ್ಕೆ ಸರಿಸಿ, ಹೊಲಗಳನ್ನ ನೀರು ನಿಲ್ಲೋಕೆ ಬಿಟ್ಟರು. ಹಾಗಿದ್ದೂ 2021ರ ಜುಲೈನಲ್ಲಿ ದಕ್ಷಿಣದ ಲಿಂಬರ್ಗ್‌ನಲ್ಲಿ ಸಣ್ಣ ಹೊಳೆಯೊಂದು ವಾಲ್ಕೆನ್‌ಬರ್ಗ್ ಅನ್ನೋ ಪಟ್ಟಣದ ಬೀದಿಗಳಲ್ಲೇ ಹರಿಯಿತು.

ಅದಕ್ಕೆ, ಮನೆಯ ಪಿನ್‌ಕೋಡ್ ಹಾಕಿ ನೋಡೋಕೆ ಒಂದು ತಾಣ ಇದೆ. ಹೆಸರು 'ಓವರ್‌ಸ್ಟ್ರೋಮ್ ಇಕ್'. ಅರ್ಥ, "ನನ್ನ ಮನೆಗೆ ನೀರು ಬರುತ್ತಾ?" ಏರಿ ಒಡೆದರೆ ಎಷ್ಟು ಮೀಟರ್ ನೀರು ನಿಲ್ಲುತ್ತೆ ಅಂತ ತೋರಿಸುತ್ತೆ. ಮನೆ ಏರಿಯ ಒಳಗಿದೆಯಾ, ನದಿಯ ಕಡೆಗಿದೆಯಾ ಅಂತಲೂ ಕೇಳಿ. ನದಿಯ ಕಡೆ ಇದ್ರೆ ನಷ್ಟ ಬಹುಪಾಲು ನಿಮ್ಮದೇ. ಇನ್ನೊಂದು, ನೀರಾವರಿ ಮಂಡಳಿ ತೆರಿಗೆ. ಏರಿ, ಕಾಲುವೆ, ಕೊಳಚೆ ನೀರು ನೋಡಿಕೊಳ್ಳೋ ಆ ಮಂಡಳಿಗಳು 13ನೇ ಶತಮಾನದಿಂದ ಇವೆ. ಬಾಡಿಗೆದಾರನಿಗೂ ಬಿಲ್ಲು ಬರುತ್ತೆ. ಕಸದ ತೆರಿಗೆಯೂ ಬರುತ್ತೆ. ಬಾಡಿಗೆ 1,100 ಅಂದ್ರೆ ಕರೆಂಟು, ಗ್ಯಾಸು, ಇಂಟರ್ನೆಟ್ಟು, ಈ ತೆರಿಗೆಗಳು ಎಲ್ಲ ಬೇರೆ.

ನಿಶ್ಶಬ್ದದ ಬಗ್ಗೆ ಎರಡು ಮಾತು. ವೀರನಹೊಸಹಳ್ಳಿ ಕಡೆಯವರಿಗೆ ನಿಶ್ಶಬ್ದ ಹೊಸದಲ್ಲ. ಸಂಜೆ ನಾಗರಹೊಳೆ ಗೇಟು ಹಾಕಿದ ಮೇಲೆ ಯಾರು ಮಾತಾಡ್ತಾರೆ, ಆನೆ ಬಿಟ್ಟು? ಅದು ಹೆದರಿಕೆಯ ನಿಶ್ಶಬ್ದ. ಅಲ್ಲಿನದು ಒಪ್ಪಂದದ ನಿಶ್ಶಬ್ದ. ರಾತ್ರಿ ಹತ್ತರ ಮೇಲೆ ವಾಷಿಂಗ್ ಮಷೀನ್ ಹಾಕಿದ್ರೂ ಪಕ್ಕದ ಮನೆಯವರು ಬಂದು ನಗುನಗ್ತಾನೇ ಹೇಳ್ತಾರೆ. ಮನೇಲಿ ಗಣಪತಿ ಇಟ್ಟು ನಾಲ್ಕು ಜನ ಬರೋದಿದ್ರೆ ಎರಡು ದಿನ ಮೊದಲೇ ಅಕ್ಕಪಕ್ಕದ ಮನೆಗಳಿಗೆ ಒಂದು ಚೀಟಿ ಹಾಕಿಬಿಡಿ, ಯಾರೂ ಏನೂ ಅನ್ನಲ್ಲ. ಮತ್ತೆ ಒಗ್ಗರಣೆ. 2022ರ ಜುಲೈನಿಂದ ಪ್ರತಿ ಮಹಡಿಗೂ ಹೊಗೆ ಅಲಾರಂ ಕಡ್ಡಾಯ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಅದು ಇಡೀ ಬೀದಿಗೆ ಕೂಗಿ ಹೇಳುತ್ತೆ. ಕಿಟಕಿ ತೆಗೆದು ಹಾಕಿ.

ಹಾಗಾದ್ರೆ ಆ ಹುಡುಗಿ ಏನು ಮಾಡಬೇಕು? ಕೆಲಸ ಕೊಟ್ಟ ಕಂಪನಿಗೇ ಬರೆದು, ಮೊದಲ ಎರಡು ಮೂರು ತಿಂಗಳಿಗೆ ವಿಳಾಸ ಬರೆಸಬಹುದಾದ ತಾತ್ಕಾಲಿಕ ಮನೆ ಕೊಡಿಸ್ತೀರಾ ಅಂತ ಕೇಳಲಿ. ಸ್ವಲ್ಪ ದುಬಾರಿ ಆಗುತ್ತೆ, ಆಗಲಿ. ಅಲ್ಲಿ ಇಳಿದು, ಸಂಖ್ಯೆ ತಗೊಂಡು, ಸೈಕಲ್ ಹತ್ತಿ ಮನೆ ನೋಡೋಕೆ ಹೋಗಲಿ. ಬರೋಕೆ ಆಗದಿದ್ರೆ ಅಲ್ಲಿರೋ ಪರಿಚಯದ ಕನ್ನಡದವರೊಬ್ಬರು ಹೋಗಿ ಬಾಗಿಲು ತಟ್ಟಿ, ಒಳಗೆ ನಿಂತು ವಿಡಿಯೋ ಕಾಲ್ ಮಾಡಲಿ. ಮಾಲೀಕನ ಹೆಸರು ಭೂದಾಖಲೆಯಲ್ಲಿ ಇದೆಯಾ ಅಂತ ಕೆಲವೇ ಯೂರೋ ಕೊಟ್ಟು ನೋಡಬಹುದು, ಅವರ ಆ ಇಲಾಖೆ ಹೆಸರು ಕಡಾಸ್ಟರ್. ಕರಾರಿಗೆ ಸಹಿ ಬಿದ್ದ ಮೇಲೆ, ಮನೆ ಕಣ್ಣಾರೆ ನೋಡಿದ ಮೇಲೆ, ಕರಾರಿನಲ್ಲಿರೋ ಹೆಸರಿನ ಬ್ಯಾಂಕ್ ಖಾತೆಗೇ ದುಡ್ಡು ಹೋಗಲಿ. ಬೀಗದ ಕೈ ತಗೊಂಡ ದಿನವೇ ಗೋಡೆ, ನೆಲ, ಬಚ್ಚಲು ಎಲ್ಲದರ ಫೋಟೋ ತೆಗೆದು ಮಾಲೀಕನಿಗೆ ಇಮೇಲ್ ಮಾಡಲಿ, ಠೇವಣಿ ವಾಪಸ್ ಕೇಳೋ ದಿನ ಬೇಕಾಗುತ್ತೆ.

ಅಣ್ಣ, ನಿಮ್ಮ ಮಗಳಿಗೆ ಒಂದು ಕೆಲಸ ಹೇಳಿ. ಆ ಮನುಷ್ಯನಿಗೆ ಇವತ್ತೇ ಒಂದು ಸಾಲು ಬರೆಯಲಿ: "ನನ್ನ ಸ್ನೇಹಿತೆ ನಾಳೆ ಬಂದು ಮನೆ ನೋಡ್ತಾಳೆ, ಈ ವಿಳಾಸಕ್ಕೆ ಹೆಸರು ಬರೆಸಬಹುದಾ?" ಅವನ ಉತ್ತರ ಬಂದ ಮೇಲೆ ನನಗೂ ಒಂದು ಮೆಸೇಜ್ ಹಾಕಿ.