ಹೊರಗಿನವರಿಗೆ ನಮ್ಮ ಕನ್ನಡ

1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲರು ಜರ್ಮನಿಯವರು. ಇಲ್ಲೇ ಗವಿಪುರದಲ್ಲಿ ಬಾಳಿದ ಮಾಸ್ತಿಯವರ ಮನೆಮಾತು ತಮಿಳು. ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಕೈಲಾಸಂ ಅವರದೂ ತಮಿಳೇ. ಬೇಂದ್ರೆಯವರದು ಮರಾಠಿ. ಇವರೆಲ್ಲ ನಮ್ಮವರೆಂದು ಎದೆಯುಬ್ಬಿಸುವ ನಾವು, ಬಿ.ಟಿ.ಎಂ. ಬಡಾವಣೆಯಲ್ಲಿ ಗಾರೆ ಹೊರುವ ಬಿಹಾರದ ಕೂಲಿಕಾರನಿಗೆ ಮಾಡುವುದೇನು? ಅವನು ‘ಎಷ್ಟು?’ ಎಂದು ತಡವರಿಸಿದರೆ ನಕ್ಕು, ಹರಕು ಹಿಂದಿಯಲ್ಲಿ ಉತ್ತರ ಕೊಡುತ್ತೇವೆ. ಆಮೇಲೆ ಕನ್ನಡ ಕಲಿಯಲಿಲ್ಲವೆಂದು ಬೈಯುತ್ತೇವೆ! ಮೇಷ್ಟರಾಗಿದ್ದ ನಾನೂ ಹೀಗೆ ಮಾಡಿದ್ದೇನೆ, ನಾಚಿಕೆಯಾಗುತ್ತದೆ. ನಾಳೆ ಹೋಟೆಲಿನಲ್ಲಿ ಅವನು ಸಿಕ್ಕರೆ ಕನ್ನಡದಲ್ಲೇ, ನಿಧಾನವಾಗಿ ಮಾತಾಡಿಸಿ. ಬೈ-ಟು ಕಾಫಿ ತರಿಸಿ ಅರ್ಧ ಅವನಿಗೆ ಕೊಡಿ. ಒಂದು ಲೋಟದ ಕಾಫಿಯನ್ನು ಎರಡು ಮಾಡುವ ಬೆಂಗಳೂರಿನ ಈ ಜಾಣತನಕ್ಕೆ ಅವನೂ ನಕ್ಕಾನು.