ಒಂದೇ ಅಪರಾಧ, ಮೂರು ತೀರ್ಪು



ಒಂದೇ ತಪ್ಪಿಗೆ ಎಲ್ಲರಿಗೂ ಒಂದೇ ಶಿಕ್ಷೆ ಆಗಬೇಕು ಎಂಬುದು ನ್ಯಾಯದ ಮಾತು. ತಪ್ಪು ಮಾಡಿದವನ ಸ್ಥಿತಿಗತಿ ನೋಡಿ ಶಿಕ್ಷೆ ನಿರ್ಧರಿಸಬೇಕು ಎಂಬುದೂ ನ್ಯಾಯದ ಮಾತೇ. ಎರಡೂ ಕೇಳಲು ಸರಿ. ಆದರೆ ಎರಡನ್ನೂ ಒಟ್ಟಿಗೆ ಪಾಲಿಸುವುದು ಎಷ್ಟು ಕಷ್ಟ ಎಂಬುದನ್ನು ಭಾರತದಲ್ಲಿ ಮರಣದಂಡನೆ ನಡೆದುಬಂದ ದಾರಿ ತೋರಿಸಿಕೊಡುತ್ತದೆ.

ಮೊದಲು ಕಟ್ಟುನಿಟ್ಟಿನ ನಿಯಮವನ್ನು ನೋಡಿ. 1860ರ ಭಾರತ ದಂಡ ಸಂಹಿತೆಯಲ್ಲಿ ಕೊಲೆಯ ಶಿಕ್ಷೆಗೆ ಎರಡು ಕಲಮುಗಳಿದ್ದವು. 302ನೇ ಕಲಮಿನ ಪ್ರಕಾರ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ, ಆಯ್ಕೆ ನ್ಯಾಯಾಧೀಶರದು. 303ನೇ ಕಲಮಿನಲ್ಲಿ ಆಯ್ಕೆಯೇ ಇರಲಿಲ್ಲ. ಜೀವಾವಧಿ ಶಿಕ್ಷೆಗೆ ಒಳಗಾದವನು ಕೊಲೆ ಮಾಡಿದರೆ ಗಲ್ಲೇ ಗತಿ. ಜೈಲು ಸಿಬ್ಬಂದಿಯ ರಕ್ಷಣೆ ಇದರ ಮುಖ್ಯ ಉದ್ದೇಶ. ಬದುಕಿಡೀ ಸೆರೆಯಲ್ಲಿರಬೇಕಾದವನಿಗೆ ಗಲ್ಲಿನ ಹೊರತು ಬೇರಾವ ಶಿಕ್ಷೆಯ ಭಯ ಇದ್ದೀತು ಎಂಬುದು ಅದರ ಹಿಂದಿನ ತರ್ಕ.

ಆದರೆ ನಿಯಮಕ್ಕೆ ಕಣ್ಣಿಲ್ಲ. ಜೈಲಿನೊಳಗೆ ಸಂಚು ಹೂಡಿ ಕಾವಲುಗಾರನನ್ನು ಕೊಂದವನಿಗೂ, ಪೆರೋಲ್ ಮೇಲೆ ಊರಿಗೆ ಬಂದಾಗ ಯಾರದೋ ಕೆರಳಿಕೆಗೆ ಸಿಕ್ಕಿ ಕೊಂದವನಿಗೂ ಅದು ಒಂದೇ ಶಿಕ್ಷೆ ವಿಧಿಸುತ್ತಿತ್ತು. ಶಿಕ್ಷೆ ಮೊದಲೇ ನಿಗದಿಯಾಗಿರುವಾಗ ಶಿಕ್ಷೆಯ ಪ್ರಮಾಣದ ಬಗ್ಗೆ ಅಪರಾಧಿಯ ಮಾತು ಕೇಳುವುದು ನಾಮಕಾವಸ್ತೆ. 1983ರಲ್ಲಿ ಮಿಟ್ಠು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಕಲಮನ್ನು ರದ್ದುಗೊಳಿಸಿತು. ಅದು ಸಂವಿಧಾನದ 14 ಮತ್ತು 21ನೇ ವಿಧಿಗಳಿಗೆ ವಿರುದ್ಧ ಎಂದಿತು.

ಹಾಗಾದರೆ ಎಲ್ಲವನ್ನೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟರೆ ಸರಿಹೋಗುತ್ತದೆಯೇ? ಈಗ ಇನ್ನೊಂದು ಕಥೆ ಕೇಳಿ.

ಉತ್ತರ ಪ್ರದೇಶದಲ್ಲಿ ಒಂದೇ ಕುಟುಂಬದ ನಾಲ್ವರ ಕೊಲೆಯಾಯಿತು. ಜೀತಾ ಸಿಂಗ್, ಕಶ್ಮೀರಾ ಸಿಂಗ್, ಹರ್‌ಬನ್ಸ್ ಸಿಂಗ್ ಎಂಬ ಮೂವರಿಗೆ 1975ರಲ್ಲಿ ಮರಣದಂಡನೆ ಆಯಿತು. ಅಪರಾಧ ಒಂದೇ, ಮೂವರ ಪಾತ್ರವೂ ಒಂದೇ ಬಗೆಯದು. ಆದರೆ ಮೂವರೂ ಸುಪ್ರೀಂ ಕೋರ್ಟಿಗೆ ಬೇರೆ ಬೇರೆಯಾಗಿ ಹೋದರು. ಜೀತಾ ಸಿಂಗನ ಅರ್ಜಿ 1976ರಲ್ಲಿ ವಜಾ ಆಯಿತು. ಮರುವರ್ಷ ಬೇರೊಂದು ಪೀಠ ಕಶ್ಮೀರಾ ಸಿಂಗನ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 1978ರಲ್ಲಿ ಹರ್‌ಬನ್ಸ್ ಸಿಂಗನ ಅರ್ಜಿಯೂ ವಜಾ ಆಯಿತು. ಗಲ್ಲಿಗೆ ದಿನ ಗೊತ್ತಾದಾಗ ಅವನು ಮತ್ತೆ ಕೋರ್ಟಿನ ಮೊರೆಹೊಕ್ಕು ತಡೆಯಾಜ್ಞೆ ಪಡೆದ. ಜೀತಾ ಸಿಂಗ್ ಹಾಗೆ ಮಾಡಲಿಲ್ಲ. 1981ರ ಅಕ್ಟೋಬರ್ 6ರಂದು ಅವನನ್ನು ಗಲ್ಲಿಗೇರಿಸಲಾಯಿತು. 1982ರಲ್ಲಿ ಕೋರ್ಟು ಹರ್‌ಬನ್ಸ್ ಸಿಂಗನ ಶಿಕ್ಷೆಯನ್ನು ಇಳಿಸುವಂತೆ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಜೀತಾ ಸಿಂಗನ ಪಾಲಿಗೆ ಮಾತ್ರ ಸರಿಪಡಿಸಲು ಏನೂ ಉಳಿದಿರಲಿಲ್ಲ.

ಊಟದ ಪಂಕ್ತಿಯಲ್ಲಿ ಭೇದ ಮಾಡಿದರೆ ಜನ ಎದ್ದು ಹೋಗುತ್ತಾರೆ. ಇಲ್ಲಿ ಭೇದವಾದದ್ದು ಪ್ರಾಣದ ವಿಷಯದಲ್ಲಿ. ಹಾಗೆಂದು ಯಾವ ನ್ಯಾಯಮೂರ್ತಿಯೂ ದುರುದ್ದೇಶದಿಂದ ನಡೆದುಕೊಂಡಿರಲಿಲ್ಲ. ಪ್ರತಿ ಪೀಠವೂ ತನ್ನ ಮುಂದಿದ್ದ ಅರ್ಜಿಯನ್ನಷ್ಟೇ ತೂಗಿತ್ತು.

ವಿವೇಚನೆಗೆ ಲಗಾಮು ಹಾಕುವ ಪ್ರಯತ್ನ ಆಗದೆ ಇರಲಿಲ್ಲ. 1955ರವರೆಗೆ, ಕೊಲೆಗಾರನಿಗೆ ಗಲ್ಲು ವಿಧಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಇದನ್ನು ತಿರುವುಮುರುವು ಮಾಡಿತು. ಗಲ್ಲು ವಿಧಿಸಿದರೆ ವಿಶೇಷ ಕಾರಣ ಕೊಡಬೇಕೆಂದಿತು. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 'ಅಪರೂಪದಲ್ಲಿ ಅಪರೂಪ'ದ ಪ್ರಕರಣಗಳಿಗೆ ಮಾತ್ರ ಗಲ್ಲು ಎಂದಿತು. ಅಪರಾಧದ ಜತೆಗೆ ಅಪರಾಧಿಯ ವಯಸ್ಸು, ಮನಃಸ್ಥಿತಿ, ಸುಧಾರಣೆಯ ಸಾಧ್ಯತೆಗಳನ್ನೂ ನೋಡಬೇಕೆಂದಿತು. ಆದರೆ ಬಿಗಿಯಾದ ಪಟ್ಟಿ ಮಾಡಲು ಒಪ್ಪಲಿಲ್ಲ. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಆತಂಕ ಇದೇ ಆಗಿತ್ತು: ಸ್ಪಷ್ಟ ಮಾನದಂಡವಿಲ್ಲದಿದ್ದರೆ ಬದುಕು ಸಾವುಗಳು ಪೀಠದಲ್ಲಿ ಯಾರು ಕುಳಿತಿದ್ದಾರೆ ಎಂಬುದರ ಮೇಲೆ ನಿಲ್ಲುತ್ತವೆ.

ಆ ಆತಂಕ ಸುಳ್ಳಾಗಲಿಲ್ಲ. ಬೆಂಗಳೂರಿನಲ್ಲಿ ನಡೆದ ಕೊಲೆಯೊಂದರ ಅಪರಾಧಿ ಸ್ವಾಮಿ ಶ್ರದ್ಧಾನಂದನ ಮೇಲ್ಮನವಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೈಕಿ ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಜೀವಾವಧಿ ಎಂದರು. 2008ರಲ್ಲಿ ಮೂವರ ಪೀಠ, ಬಿಡುಗಡೆಯಿಲ್ಲದ ಆಜೀವ ಸೆರೆವಾಸ ವಿಧಿಸಿತು. ಗಲ್ಲಿನ ನಿರ್ಧಾರ ಬಹುಮಟ್ಟಿಗೆ ನ್ಯಾಯಮೂರ್ತಿಗಳ ವೈಯಕ್ತಿಕ ಒಲವನ್ನು ಅವಲಂಬಿಸಿದೆ ಎಂದು ಆ ಪೀಠವೇ ಒಪ್ಪಿಕೊಂಡಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಜೀವಾವಧಿ ಕೈದಿ ಮಾಡಿದ ಕೊಲೆಗೆ ಗಲ್ಲು ಕಡ್ಡಾಯವಲ್ಲ. ಕೊನೆಯುಸಿರಿನವರೆಗಿನ ಸೆರೆವಾಸವನ್ನೂ ವಿಧಿಸಬಹುದು. ಅಂದರೆ ಕುರುಡು ನಿಯಮಕ್ಕೆ ದೇಶ ಮರಳಿಲ್ಲ.

ಉಳಿದಿರುವುದು ನಡುವಿನ ದಾರಿ. ಏನು ತೀರ್ಪು ಕೊಡಬೇಕು ಎಂದು ನಿಯಮ ಹೇಳಬೇಕಿಲ್ಲ. ತೀರ್ಪಿಗೆ ಮುನ್ನ ಏನೇನು ನೋಡಲೇಬೇಕು ಎಂದು ಹೇಳಿದರೆ ಸಾಕು. 2022ರಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತುಳಿದದ್ದು ಈ ದಾರಿಯನ್ನೇ. ಅಪರಾಧಿಯ ಹಿನ್ನೆಲೆ, ಮಾನಸಿಕ ಸ್ಥಿತಿ, ಜೈಲಿನ ನಡತೆಯ ವರದಿಗಳನ್ನು ತರಿಸಿಕೊಳ್ಳಬೇಕೆಂದು ಅದು ಸೂಚಿಸಿತು. ಕೊನೆಗೆ ತೂಗುವ ಕೈ ಮನುಷ್ಯನದೇ. ಆದರೆ ತಕ್ಕಡಿಯ ತಟ್ಟೆಗೆ ಏನನ್ನು ಹಾಕಲಾಯಿತು ಎಂಬುದು ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ಜೀತಾ ಸಿಂಗನ ಪ್ರಕರಣ ಕಲಿಸಿದ ಪಾಠ ಅದು.