ಕ್ಯಾನ್ಸರ್ ಗುಣವಾದ ಮೇಲೆ ಕೈ ಊದಿದರೆ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸ್ತನ ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚಿದರೆ ಗುಣಪಡಿಸಬಹುದು ಎಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ಆದರೆ ಗುಣವಾದ ನಂತರದ ಬದುಕಿನ ಬಗ್ಗೆ ಮಾತನಾಡುವವರು ಕಡಿಮೆ. ಇಂದು ಅದನ್ನೇ ನಿಮ್ಮ ಮುಂದಿಡುತ್ತೇನೆ.

ನನ್ನ ಬಳಿ ಫಿಸಿಯೋಥೆರಪಿಗೆ ಬಂದ ಒಬ್ಬ ತಾಯಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವಾಗಿತ್ತು. ತೆಗೆದ ಸ್ತನದ ಜಾಗದಲ್ಲಿ ಅವರದೇ ಹೊಟ್ಟೆಯ ಚರ್ಮ ಮತ್ತು ಕೊಬ್ಬಿನಿಂದ ಸ್ತನವನ್ನು ಮರುರೂಪಿಸಿದ್ದರು. ನೋಡುವವರ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಆದರೆ ಬಲಗೈ ನಿಧಾನವಾಗಿ ಊದಿಕೊಂಡಿತು. ಬಳೆ ಏರುತ್ತಿರಲಿಲ್ಲ, ತೋಳು ಭಾರವಾಗಿ ಸೆಳೆಯುತ್ತಿತ್ತು. ಮದುವೆ ಮನೆಯಲ್ಲಿ ಕೈಯನ್ನು ಶಾಲಿನೊಳಗೆ ಅಡಗಿಸಿ ಕೂರುತ್ತಿದ್ದರಂತೆ. ನೆರೆಯವರು "ಆನೆಕಾಲು ರೋಗ ಕೈಗೆ ಬಂದಿದೆ" ಎಂದರು. ಮನೆಯವರು "ಜೀವ ಉಳಿಯಿತಲ್ಲ, ಇನ್ನೇನು ಬೇಕು?" ಎಂದರು. ಹೀಗಾಗಬಹುದೆಂದು ಮೊದಲೇ ಅವರಿಗೆ ಯಾರೂ ಹೇಳಿರಲಿಲ್ಲ.

ಇದಕ್ಕೆ ಲಿಂಫೆಡಿಮಾ ಎನ್ನುತ್ತಾರೆ. ನಮ್ಮ ದೇಹದಲ್ಲಿ ರಕ್ತನಾಳಗಳಂತೆಯೇ ದುಗ್ಧರಸದ ನಾಳಗಳೂ ಇವೆ. ಅಂಗಾಂಶಗಳಲ್ಲಿ ಉಳಿದ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವುದು ಅವುಗಳ ಕೆಲಸ. ಕೈಯ ದುಗ್ಧರಸ ಹೆಚ್ಚಾಗಿ ಕಂಕುಳಿನ ಗ್ರಂಥಿಗಳ ಮೂಲಕವೇ ಹರಿಯುತ್ತದೆ. ಸ್ತನದ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವುದೂ ಅಲ್ಲಿಗೇ. ಆದ್ದರಿಂದ ಆ ಗ್ರಂಥಿಗಳನ್ನು ತೆಗೆಯಬೇಕಾಗುತ್ತದೆ, ಕೆಲವರಿಗೆ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ತೋಡಿಗೆ ಮಣ್ಣು ಕುಸಿದರೆ ಗದ್ದೆಯಲ್ಲಿ ನೀರು ನಿಲ್ಲುವಂತೆ ಕೈಯಲ್ಲಿ ದ್ರವ ನಿಲ್ಲುತ್ತದೆ. ಕಂಕುಳಿನ ಗ್ರಂಥಿಗಳ ಗುಂಪನ್ನೇ ತೆಗೆದವರಲ್ಲಿ ಸುಮಾರು 5ರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಮೊದಲ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ಈಗಿನ ವಿಧಾನದಲ್ಲಿ ಇದು ಸುಮಾರು 20ರಲ್ಲಿ ಒಬ್ಬರಿಗೆ ಇಳಿದಿದೆ.

ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1921ರಲ್ಲೇ ಈ ಊತದ ಬಗ್ಗೆ ಬರೆದು, ಅದನ್ನು ಶಸ್ತ್ರಚಿಕಿತ್ಸೆಯಿಂದ ಬರುವ ಆನೆಕಾಲು ಎಂಬ ಅರ್ಥದ ಹೆಸರಿನಿಂದ ಕರೆದರು. ನಮ್ಮ ಕರಾವಳಿಯವರು ಬಲ್ಲ ಆನೆಕಾಲು ರೋಗ ಸೊಳ್ಳೆಯಿಂದ ಹರಡುವ ಹುಳದಿಂದ ಬರುವಂಥದ್ದು. ಇದು ಹಾಗಲ್ಲ. ಇದು ಯಾರಿಗೂ ಅಂಟುವುದಿಲ್ಲ. ಕ್ಯಾನ್ಸರ್ ಮರಳಿತು ಎಂದೂ ಇದರ ಅರ್ಥವಲ್ಲ. ಆದರೂ ಹೊಸದಾಗಿ ಊತ ಕಂಡರೆ ವೈದ್ಯರಿಗೆ ತೋರಿಸಲೇಬೇಕು.

ಸ್ತನವನ್ನು ಮರುರೂಪಿಸಿಕೊಂಡದ್ದಕ್ಕೇ ಈ ಶಿಕ್ಷೆ ಎಂದು ಆ ತಾಯಿ ಕೊರಗುತ್ತಿದ್ದರು. ಅದು ನಿಜವಲ್ಲ. ಆ ಶಸ್ತ್ರಚಿಕಿತ್ಸೆಯಿಂದ ಕೈ ಊದುವ ಅಪಾಯ ಹೆಚ್ಚುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ತನ್ನ ದೇಹ ಮೊದಲಿನಂತಿರಲಿ ಎಂದು ಬಯಸಿದ್ದು ತಪ್ಪೇನೂ ಅಲ್ಲ.

ಈ ಊತವನ್ನು ಪೂರ್ತಿ ಇಲ್ಲವಾಗಿಸುವುದು ಕಷ್ಟ, ಹತೋಟಿಯಲ್ಲಿಡುವುದು ಖಂಡಿತ ಸಾಧ್ಯ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮೊದಲು ತರಬೇತಿ ಪಡೆದವರಿಂದ ಹಗುರವಾದ ಮಸಾಜ್ ಮತ್ತು ಪದರ ಪದರವಾಗಿ ಕಟ್ಟುವ ಬ್ಯಾಂಡೇಜ್. ನಂತರ ಅಳತೆಗೆ ತಕ್ಕ ಬಿಗಿ ತೋಳುಚೀಲವನ್ನು ಹಗಲು ಧರಿಸಬೇಕು. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಬಾರದು. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಈ ಊತಕ್ಕೆ ಪ್ರಯೋಜನವಿಲ್ಲ. ಕೈ ಅಲ್ಲಾಡಿಸದೆ ಇಡಬೇಕೆಂಬುದು ಹಳೆಯ ನಂಬಿಕೆ. ಕ್ರಮವಾಗಿ, ನಿಧಾನವಾಗಿ ಹೆಚ್ಚಿಸುತ್ತಾ ಹೋದರೆ ಭಾರ ಎತ್ತುವ ವ್ಯಾಯಾಮದಿಂದಲೂ ತೊಂದರೆಯಿಲ್ಲ ಎಂದು ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಚರ್ಮದ ಕಡೆ ಹೆಚ್ಚು ಗಮನ ಬೇಕು. ಮೀನು ಶುಚಿಮಾಡುವಾಗ ಮುಳ್ಳು ಚುಚ್ಚುವುದು, ಒಲೆಯ ಬಳಿ ಕೈ ಸುಡುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಮಾತು. ಊದಿದ ಕೈಗೆ ಅಷ್ಟೇ ಸಾಕು, ಸೋಂಕು ವೇಗವಾಗಿ ಹರಡುತ್ತದೆ. ಕೈಗವಸು ಹಾಕಿಕೊಳ್ಳಿ. ಕೈ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.

ಇದೆಲ್ಲಕ್ಕೂ ದಿನವೂ ಸಮಯ ಬೇಕು. ತೋಳುಚೀಲಕ್ಕೆ ಹಣ ಬೇಕು, ಅದನ್ನು ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಬೇಕು. ಮನೆಗೆಲಸವೆಲ್ಲ ಮೊದಲಿನಂತೆ ಆಕೆಯ ಮೇಲೆಯೇ ಇದ್ದರೆ ಚಿಕಿತ್ಸೆ ನಡೆಯುವುದಿಲ್ಲ. ಹೆಂಗಸರು ತಮ್ಮ ಖರ್ಚನ್ನು ಕೊನೆಗೆ ಇಡುತ್ತಾರೆ, ಬಾಯಿಬಿಟ್ಟು ಕೇಳುವುದಿಲ್ಲ. ಆದ್ದರಿಂದ ಸಹೋದರರೇ, ನೀವೇ ಕೇಳಿ. ಅಕ್ಕಿಚೀಲ ನೀವು ಎತ್ತಿ, ಮೀನು ನೀವು ಶುಚಿಮಾಡಿ. "ಜೀವ ಉಳಿಯಿತಲ್ಲ" ಎಂಬ ಮಾತು ಸಮಾಧಾನಕ್ಕೆ ಹೇಳಿದರೂ ಕೇಳುವವರ ಬಾಯಿ ಮುಚ್ಚಿಸುತ್ತದೆ. ಉಳಿದ ಜೀವ ನೆಮ್ಮದಿಯಿಂದ ಬದುಕಬೇಕಲ್ಲವೇ?

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ಊತಕ್ಕೆ ಚಿಕಿತ್ಸೆ ನೀಡಲು ತರಬೇತಿ ಪಡೆದವರು ನಮ್ಮಲ್ಲಿ ಬಹಳ ಕಡಿಮೆ. ನರ್ಸಿಂಗ್, ಫಿಸಿಯೋಥೆರಪಿ ಓದುವ ಹೆಣ್ಣುಮಕ್ಕಳು ಇದನ್ನು ಕಲಿಯಿರಿ. ಗಂಡಸರ ಮುಂದೆ ಕೈ ತೋರಿಸಲು ಸಂಕೋಚಪಡುವ ಎಷ್ಟೋ ತಾಯಂದಿರು ನಿಮಗಾಗಿ ಕಾದಿದ್ದಾರೆ.

ಆ ತಾಯಿಯ ಕೈ ಪೂರ್ತಿ ಇಳಿದಿಲ್ಲ. ಆದರೆ ಮಗಳು ಬ್ಯಾಂಡೇಜ್ ಕಟ್ಟಲು ಕಲಿತಳು, ಗಂಡ ಬಾವಿಯಿಂದ ನೀರು ಸೇದತೊಡಗಿದರು. ಕಳೆದ ಸಲ ಬಂದಾಗ ಅವರು ಶಾಲು ಹೊದ್ದಿರಲಿಲ್ಲ.